ಫ್ಲ್ಯಾಟ್ ಗೋಡೆಗೆ 55 ಇಂಚಿನ ಟಿವಿ: ಸ್ಕ್ರೂ ಹಿಡಿಯುತ್ತಲೇ ಇಲ್ಲ, ಏನು ಮಾಡಲಿ?

ತಲಘಟ್ಟಪುರ_ಟೆಕ್ಕಿ
ಎಲ್ಲರಿಗೂ ನಮಸ್ಕಾರ. ಕನಕಪುರ ರಸ್ತೆ ಕಡೆ ಹೊಸ ಫ್ಲ್ಯಾಟ್‌ಗೆ ಬಂದಿದ್ದೇವೆ. ಹಾಲ್‌ಗೆ ಅಂತ 55 ಇಂಚಿನ ಟಿವಿ ತಗೊಂಡೆವು. ಸ್ಟ್ಯಾಂಡ್ ಬಿಟ್ಟು ತೂಕ 16 ಕೆಜಿ. ನಿನ್ನೆ ಅದನ್ನು ಗೋಡೆಗೆ ಹಾಕಲು ಅಂಗಡಿ ಕಡೆಯಿಂದ ಒಬ್ಬ ಹುಡುಗ ಬಂದ. ಯಾವ ಗೋಡೆ ಅಂತ ಕೇಳಲಿಲ್ಲ, ತಟ್ಟಿಯೂ ನೋಡಲಿಲ್ಲ. ಪೆನ್ಸಿಲ್‌ನಲ್ಲಿ ಗುರುತು ಹಾಕಿ ಸೀದಾ ಹ್ಯಾಮರ್ ಡ್ರಿಲ್ ಇಟ್ಟ. ಬಿಟ್ ಸಲೀಸಾಗಿ ಒಳಗೆ ಹೋಯಿತು. ಬಿಳಿ ಪುಡಿ ರಾಶಿ ಬಿತ್ತು. ಬ್ರಾಕೆಟ್ ಜೊತೆ ಬಂದಿದ್ದ ಪ್ಲಾಸ್ಟಿಕ್ ಗಿಟ್ಟಿ ಹಾಕಿ ಸ್ಕ್ರೂ ತಿರುಗಿಸಿದರೆ ಗಿಟ್ಟಿಯೂ ಜೊತೆಗೇ ಸುತ್ತುತ್ತದೆ. "ಪರವಾಗಿಲ್ಲ ಸರ್, ಎರಡು ಬೆಂಕಿಕಡ್ಡಿ ತುರುಕಿದ್ರೆ ಕೂತ್ಕೊಳುತ್ತೆ" ಅಂದ. ನನ್ನ ಹೆಂಡತಿ ಅಲ್ಲೇ ಕೆಲಸ ನಿಲ್ಲಿಸಿ ಅವನನ್ನು ಕಳಿಸಿಬಿಟ್ಟಳು.

ಬ್ರಾಕೆಟ್ ತೋಳು ಚಾಚಿ ತಿರುಗುವ ಥರದ್ದು. ಊಟದ ಟೇಬಲ್ ಕಡೆಗೂ ತಿರುಗಲಿ ಅಂತ ಆಸೆ. ಮನೆಯಲ್ಲಿ ಎರಡೂವರೆ ವರ್ಷದ ಮಗು ಇದೆ, ಸೋಫಾ ಹತ್ತುವುದೇ ಅದರ ಕಸುಬು. ಗೋಡೆಗೆ ಹಾಕೋದಾ, ಸುಮ್ನೆ ಒಂದು ಟೇಬಲ್ ತಗೊಂಡು ಇಟ್ಟುಬಿಡೋದಾ? ತಿಳಿದವರು ಹೇಳಿ.

ಗಿರಿನಗರ_ಗುಂಡ
ಬೆಂಕಿಕಡ್ಡಿ! ನಮ್ಮ ಏರಿಯಾದಲ್ಲಿ ಪೊರಕೆ ಕಡ್ಡಿ ಗುರು. ತಂತ್ರಜ್ಞಾನ ಅದೇ.

ಸೈಟ್_ಇಂಜಿನಿಯರ್
ಮೇಡಂ ಕಳಿಸಿದ್ದೇ ಸರಿ. ಮೊದಲು ಗೋಡೆ ಯಾವುದು ಅಂತ ಗೊತ್ತಾಗಬೇಕು, ಬ್ರಾಕೆಟ್ ವಿಚಾರ ಆಮೇಲೆ. ಬೆಂಗಳೂರಿನಲ್ಲಿ ಒಂದೇ ರಸ್ತೆಯ ನಾಲ್ಕು ಮನೆಗೆ ನಾಲ್ಕು ಥರದ ಗೋಡೆ ಇರುತ್ತದೆ. ಪತ್ತೆ ಮಾಡಲು ಮೆಷಿನ್ ಏನೂ ಬೇಡ, ಡ್ರಿಲ್ ಪುಡಿ ಸಾಕು. ಮೊದಲ ಅರ್ಧ ಇಂಚು ಬರುವುದು ಪ್ಲಾಸ್ಟರಿಂಗ್. ಅದನ್ನು ಬಿಡಿ. ಆಮೇಲೆ ಬರುವ ಪುಡಿಯನ್ನು ಒಂದು ಪೇಪರ್ ಮೇಲೆ ಹಿಡಿದು ನೋಡಿ.

ಕೆಂಪು ಪುಡಿ ಒಂದೇ ಸಮ ಬಂದರೆ ಇಟ್ಟಿಗೆ. ಹಳೇ ಜಯನಗರ, ರಾಜಾಜಿನಗರ ಮನೆಗಳಲ್ಲಿ ಇದೇ ಜಾಸ್ತಿ. ಒಳ್ಳೆ ನೈಲಾನ್ ಪ್ಲಗ್ (ಗಿಟ್ಟಿ) ಹಾಕಿದರೆ ಗಟ್ಟಿಯಾಗಿ ಹಿಡಿಯುತ್ತದೆ. ಕೆಂಪು ಪುಡಿ ಬರುತ್ತಾ ಬರುತ್ತಾ ಡ್ರಿಲ್ ದಬಕ್ಕನೆ ಒಳಗೆ ಬಿದ್ದರೆ ಅದು ಪೋರೋಥರ್ಮ್ ಥರದ ಟೊಳ್ಳು ಮಣ್ಣಿನ ಬ್ಲಾಕ್. ಇದಕ್ಕೆ ಹ್ಯಾಮರ್ ಮೋಡ್ ಹಾಕಲೇಬಾರದು, ಒಳಗಿನ ತೆಳು ಗೋಡೆಗಳು ಒಡೆದುಹೋಗುತ್ತವೆ.

ಬೂದು ಪುಡಿ ಬಂದು, ಬಿಟ್ ಸ್ವಲ್ಪ ಕಷ್ಟಪಟ್ಟು ಹೋದರೆ ಸಿಮೆಂಟ್ ಬ್ಲಾಕ್. ನಮ್ಮೂರಿನ ಇಂಡಿಪೆಂಡೆಂಟ್ ಮನೆಗಳಲ್ಲಿ 6 ಇಂಚಿನ ಸಾಲಿಡ್ ಬ್ಲಾಕ್ ಹೊರಗಡೆ, 4 ಇಂಚು ಒಳಗಡೆ ಸಾಮಾನ್ಯ. 4 ಇಂಚಿನ ಗೋಡೆಗೆ 2, ಎರಡೂವರೆ ಇಂಚಿಗಿಂತ ಆಳ ಹೋಗಬೇಡಿ. ಹಿಂದಿನ ರೂಮಿನ ಕಡೆ ಪ್ಲಾಸ್ಟರಿಂಗ್ ಸಿಡಿಯುತ್ತದೆ. ಬೂದು ಪುಡಿ ಬಂದು ಬಿಟ್ ಮುಂದಕ್ಕೇ ಹೋಗದೆ ಕಿರುಚಿದರೆ ಅದು ಆರ್‌ಸಿಸಿ, ಅಂದರೆ ಒಳಗೆ ಕಬ್ಬಿಣದ ಸರಳು ಇರುವ ಕಾಂಕ್ರೀಟ್. ಮೈವಾನ್ ಅಂತ ಅಲ್ಯೂಮಿನಿಯಂ ಅಚ್ಚಿನಲ್ಲಿ ಗೋಡೆಯನ್ನೇ ಕಾಂಕ್ರೀಟ್ ಎರಕ ಹೊಯ್ಯುವ ಅಪಾರ್ಟ್‌ಮೆಂಟ್‌ಗಳಲ್ಲಿ ಎಲ್ಲಾ ಗೋಡೆಯೂ ಹೀಗೇ. ತೂತು ಕೊರೆಯುವುದು ಕಷ್ಟ, ಆದರೆ ಕೊರೆದ ಮೇಲೆ ಚಿಂತೆಯಿಲ್ಲ.

ಬಿಳಿ ಬೂದು ಬಣ್ಣದ ಹಗುರ ಪುಡಿ, ಬಿಟ್ ಒತ್ತದೇ ಒಳಗೆ ಹೋಗುತ್ತದೆ ಅಂದರೆ ಎಎಸಿ ಅನ್ನುವ ಹಗುರ ಕಾಂಕ್ರೀಟ್ ಬ್ಲಾಕ್. ನಿಮ್ಮದು ಇದೇ ಇರಬೇಕು. ಒಳಗೆಲ್ಲಾ ಸಣ್ಣ ಗಾಳಿಗುಳ್ಳೆ. ಒಂದು ಘನ ಮೀಟರ್‌ಗೆ 600 ಕೆಜಿ ಆಸುಪಾಸು ತೂಗುತ್ತದೆ, ಸಾಲಿಡ್ ಸಿಮೆಂಟ್ ಬ್ಲಾಕ್ ಅದರ ಮೂರು ಪಟ್ಟು ಇರುತ್ತದೆ. ಬಾಕ್ಸ್‌ನಲ್ಲಿ ಬರುವ ಮಾಮೂಲಿ ಗಿಟ್ಟಿ ಇದರಲ್ಲಿ ಉಬ್ಬಿದ ತಕ್ಷಣ ಸುತ್ತಲಿನ ಗೋಡೆಯನ್ನೇ ಪುಡಿ ಮಾಡುತ್ತದೆ. ಅದಕ್ಕೇ ಅದು ಸುತ್ತುತ್ತಿರೋದು.

ಪುಟ್ಟೇನಹಳ್ಳಿ_ಪುಟ್ಟಿ
ಒಂದು ತಿದ್ದುಪಡಿ ಸರ್. ಹೊಸ ಫ್ಲ್ಯಾಟ್‌ಗಳಲ್ಲಿ ಒಳಗಿನ ಗೋಡೆಗೆ ಜಿಪ್ಸಂ ಪ್ಲಾಸ್ಟರ್ ಹಾಕಿರುತ್ತಾರೆ, ಮೇಲೆ ಪುಟ್ಟಿ ಬೇರೆ. ಅದರ ಪುಡಿಯೂ ಬಿಳಿ. ಬಿಳಿ ಕಂಡ ಕೂಡಲೇ ಎಎಸಿ ಅಂತ ತೀರ್ಮಾನಿಸಬೇಡಿ. ಕನಿಷ್ಠ ಒಂದು ಇಂಚು ಒಳಗಿನದ್ದು ನೋಡಬೇಕು. ನಮ್ಮ ಚಿಕ್ಕಪ್ಪನ ಮನೆಯಲ್ಲಿ ಹೀಗೇ ಎಎಸಿ ಅಂತ ದುಬಾರಿ ಪ್ಲಗ್ ತಂದರು. ನೋಡಿದರೆ ಹಿಂದೆ ಕಾಂಕ್ರೀಟ್ ಕಾಲಂ!

ಸೈಟ್_ಇಂಜಿನಿಯರ್
ಹೌದು, ಅದು ಸರಿ. ಬಿಲ್ಡರ್ ಕೊಟ್ಟ ಹ್ಯಾಂಡೋವರ್ ಫೈಲ್‌ನಲ್ಲಿ ಗೋಡೆ ಯಾವುದು ಅಂತ ಬರೆದಿರುತ್ತದೆ. ಯಾರೂ ಓದಲ್ಲ ಅಷ್ಟೆ.

ಬಾಡಿಗೆ_ಬದುಕು
ನೀವೆಲ್ಲ ಸ್ವಂತ ಮನೆಯವರು, ಪುಡಿ ಬಣ್ಣ ನೋಡ್ತಾ ಕೂತಿದ್ದೀರಿ. ನಮ್ಮ ಓನರ್ ಒಂದು ಮೊಳೆ ಹೊಡೆದರೆ ಮೇಲಿಂದ ಇಳಿದು ಬರುತ್ತಾರೆ. ಅಡ್ವಾನ್ಸ್‌ನಲ್ಲಿ ಪೇಂಟಿಂಗ್‌ಗೆ ಅಂತ ಒಂದು ತಿಂಗಳ ಬಾಡಿಗೆ ಹಿಡಿಯುವುದು ಹೇಗೂ ಇದ್ದೇ ಇದೆ. ಅದರ ಮೇಲೆ "ನಾಲ್ಕು ತೂತು" ಅಂತ ಇನ್ನಷ್ಟು ಹಿಡಿದರೆ? ಬಾಡಿಗೆಯವರಿಗೆ ದಾರಿ ಏನು?

ಕೋರಮಂಗಲ_ಕಾವ್ಯ
ಹೇಗೂ ಪೇಂಟಿಂಗ್ ದುಡ್ಡು ಹಿಡಿಯುತ್ತಾರೆ ತಾನೇ? ಆ ತೂತು ಮುಚ್ಚುವುದೂ ಅದರಲ್ಲೇ ಬರಬೇಕು. ಕೊರೆಯುವ ಮುಂಚೆ ವಾಟ್ಸಾಪ್‌ನಲ್ಲಿ ಒಂದು ಮೆಸೇಜ್ ಹಾಕಿ "ಟಿವಿಗೆ ನಾಲ್ಕು ತೂತು ಮಾಡುತ್ತೇವೆ, ಬಿಡುವಾಗ ಮುಚ್ಚಿಸಿ ಕೊಡುತ್ತೇವೆ" ಅಂತ. ಅವರು ಸರಿ ಅಂದದ್ದು ಬರಹದಲ್ಲಿ ಇರಲಿ. ಬಾಯಿಮಾತು ಖಾಲಿ ಮಾಡುವ ದಿನ ಯಾರಿಗೂ ನೆನಪಿರುವುದಿಲ್ಲ.

ಓನರ್_ಅಂಕಲ್
ಮೇಲಿಂದ ಇಳಿದು ಬರುವ ಓನರ್ ನಾನೇ ಅಂದುಕೊಳ್ಳಿ. ನಮ್ಮ ಕಷ್ಟವೂ ಕೇಳಿ. ಹೋದ ಬಾಡಿಗೆಯವರು ಟಿವಿಗೆ ಅಂತ ಶುರು ಮಾಡಿ, ಒಂದು ಕಡೆ ಸರಿ ಬರಲಿಲ್ಲ ಅಂತ ಪಕ್ಕದಲ್ಲಿ, ಅಲ್ಲೂ ಬರಲಿಲ್ಲ ಅಂತ ಇನ್ನೊಂದು ಪಕ್ಕದಲ್ಲಿ ಕೊರೆದು, ಅವನ್ನೆಲ್ಲ ಟೂತ್‌ಪೇಸ್ಟ್ ಹಾಕಿ ಮುಚ್ಚಿ ಹೋಗಿದ್ದರು. ಪೇಂಟರ್ ಉಜ್ಜಿದಾಗ ಗೋಡೆಯಿಂದ ಪುದೀನಾ ವಾಸನೆ. ಕೇಳಿ ಮಾಡಿದರೆ ನಾನು ಯಾವತ್ತೂ ಬೇಡ ಅನ್ನುವುದಿಲ್ಲ.

ಗಿರಿನಗರ_ಗುಂಡ
ಪುದೀನಾ ವಾಸನೆ 😂 ಅಂಕಲ್, ಉಪ್ಪಿರುವ ಪೇಸ್ಟ್ ಹಾಕಿದ್ದರೆ ಗೋಡೆ ಇನ್ನೂ ಗಟ್ಟಿ ಆಗ್ತಿತ್ತೇನೋ.

ಲೇತ್_ಮೆಷಿನ್_ಪೀಣ್ಯ
ಎಲ್ಲರೂ ಗೋಡೆ ಬಗ್ಗೆ ಮಾತಾಡುತ್ತಿದ್ದೀರಿ. ತೋಳು ಚಾಚುವ ಬ್ರಾಕೆಟ್ ಅಂದರಲ್ಲ, ಅದನ್ನು ಯಾರೂ ಗಮನಿಸಲೇ ಇಲ್ಲ.

ಲೆಕ್ಕ ಸುಲಭ. 20 ಕೆಜಿ ಟಿವಿ, ತೋಳು 50 ಸೆಂ.ಮೀ. ಮುಂದೆ ಬಂದಿದೆ, ಗೋಡೆ ಪಟ್ಟಿಯಲ್ಲಿ ಮೇಲಿನ ಬೋಲ್ಟ್‌ಗೂ ಕೆಳಗಿನದಕ್ಕೂ 25 ಸೆಂ.ಮೀ. ಅಂತರ ಅಂತ ಇಟ್ಟುಕೊಳ್ಳಿ. 20 ಗುಣಿಸು 50, ಭಾಗಿಸು 25. ಮೇಲಿನ ಬೋಲ್ಟ್‌ಗಳನ್ನು ಗೋಡೆಯಿಂದ ಹೊರಗೆ ಎಳೆಯುವ ಬಲ 40 ಕೆಜಿ. ಅದೇ ಟಿವಿಯನ್ನು ಗೋಡೆಗೆ ಅಂಟಿದ ಹಾಗೆ 5 ಸೆಂ.ಮೀ.ಗೆ ಕೂರಿಸಿದರೆ ಎಳೆತ ಬರೀ 4 ಕೆಜಿ. ಟಿವಿ ಒಂದೇ, ಎಳೆತ ಹತ್ತು ಪಟ್ಟು. ಅಂಗಡಿಯಲ್ಲಿ ಬ್ರಾಕೆಟ್ ಮೇಲೆ "50 ಕೆಜಿ ತಡೆಯುತ್ತದೆ" ಅಂತ ಬರೆದಿರುತ್ತಾರಲ್ಲ, ಅದು ಕಬ್ಬಿಣದ ಮಾತು. ನಿಮ್ಮ ಗೋಡೆಯ ಮಾತಲ್ಲ.

ಇನ್ನು ಆ ಚಾಚಿದ ತೋಳಿಗೆ ಮಗು ಜೋತುಬಿದ್ದರೆ ಅಂತ ನೀವೇ ಲೆಕ್ಕ ಹಾಕಿ. ಎಎಸಿ ಗೋಡೆ, ಚಿಕ್ಕ ಮಗು, ಚಾಚುವ ತೋಳು, ಮೂರೂ ಒಂದೇ ಮನೆಯಲ್ಲಿ ಬೇಡ. ಮಗುವನ್ನು ವಾಪಸ್ ಕೊಡಲು ಆಗಲ್ಲ, ಬ್ರಾಕೆಟ್ ವಾಪಸ್ ಕೊಡಿ.

ಜಯನಗರ_4ನೇ_ಬ್ಲಾಕ್
ಸುಮ್ನೆ ಹೆದರಿಸುತ್ತೀರಿ. ನಮ್ಮ ಮನೆಯಲ್ಲಿ ಏಳೆಂಟು ವರ್ಷದಿಂದ ತಿರುಗುವ ಬ್ರಾಕೆಟ್ ಇದೆ, ಏನೂ ಆಗಿಲ್ಲ.

ಲೇತ್_ಮೆಷಿನ್_ಪೀಣ್ಯ
ನಿಮ್ಮ ಗೋಡೆ ಯಾವುದು?

ಜಯನಗರ_4ನೇ_ಬ್ಲಾಕ್
9 ಇಂಚಿನ ಇಟ್ಟಿಗೆ.

ಲೇತ್_ಮೆಷಿನ್_ಪೀಣ್ಯ
ಮತ್ತೆ!

ಮಲ್ಲೇಶ್ವರ_ಸಂಪಿಗೆ
ನಮ್ಮದು ತಾತನ ಕಾಲದ ಮನೆ, ಸೈಜ್ ಕಲ್ಲಿನ ಗೋಡೆ, ಮೇಲೆ ಸುಣ್ಣದ ಗಾರೆ. ಟಿವಿ ಹಾಕಲು ಬಂದವನು ಒಂದು ಬಿಟ್ ಸವೆಸಿ, ಇನ್ನೊಂದು ಮುರಿದು, "ಅಮ್ಮಾ ಇದು ಮನೆಯಾ ಕೋಟೆಯಾ" ಅಂದ. ಕೊನೆಗೆ ಪಕ್ಕದ ಬೀದಿಯ ಎಲೆಕ್ಟ್ರಿಷಿಯನ್ ದೊಡ್ಡ ರೋಟರಿ ಹ್ಯಾಮರ್ ತಂದ. ಅವನಿಗೆ ಗುಟ್ಟು ಗೊತ್ತಿತ್ತು. ಕಲ್ಲು ಗಟ್ಟಿ ಅಂತ ಎಲ್ಲರೂ ಎರಡು ಕಲ್ಲಿನ ಸಂದಿ ಹುಡುಕಿ ಕೊರೆಯುತ್ತಾರಂತೆ. ಸಂದಿಯಲ್ಲಿ ಇರೋದು ಮಣ್ಣು, ಸುಣ್ಣ. ಇವತ್ತು ಸುಲಭ, ನಾಳೆ ಸಡಿಲ. ಅವನು ಬೆರಳಗಂಟಿನಲ್ಲಿ ತಟ್ಟಿ ತಟ್ಟಿ ಕಲ್ಲಿನ ನಡುಮಧ್ಯವೇ ಹುಡುಕಿ, ನಿಧಾನಕ್ಕೆ, ಬಿಟ್ ಬಿಸಿಯಾದಾಗ ನಿಲ್ಲಿಸಿ ನಿಲ್ಲಿಸಿ ಕೊರೆದ. ಒಂದೊಂದು ತೂತಿಗೆ ಒಂದೊಂದು ಲೋಟ ಕಾಫಿ ಆಯಿತು.

ಸರ್ಕ್ಯೂಟ್_ಸೀನ
ನಾನು ಎಲೆಕ್ಟ್ರಿಷಿಯನ್. ಒಂದು ಮಾತು ಯಾರೂ ಹೇಳಿಲ್ಲ. ಕೊರೆಯುವ ಮುಂಚೆ ವೈರ್ ಎಲ್ಲಿ ಹೋಗಿದೆ ನೋಡಿ.

ಸ್ವಿಚ್ ಬೋರ್ಡ್‌ನಿಂದ ಪೈಪ್ ಸಾಮಾನ್ಯವಾಗಿ ನೆಟ್ಟಗೆ ಮೇಲೆ ಸೀಲಿಂಗ್ ಕಡೆ ಹೋಗಿರುತ್ತದೆ, ಇಲ್ಲ ಕೆಳಗೆ. ಆದ್ದರಿಂದ ಯಾವ ಸಾಕೆಟ್‌ನ ನೇರ ಮೇಲೆ, ನೇರ ಕೆಳಗೆ ಕೊರೆಯಬೇಡಿ. ಆದರೆ ಟಿವಿ ಪಾಯಿಂಟ್ ಆಮೇಲೆ ಹಾಕಿಸಿದ್ದರೆ ಪಕ್ಕದ ಬೋರ್ಡ್‌ನಿಂದ ಅಡ್ಡಲಾಗಿಯೂ ಎಳೆದಿರುತ್ತಾರೆ. ದುಡ್ಡು ಉಳಿಸಲು ಮೂಲೆಯಿಂದ ಮೂಲೆಗೆ ಓರೆಯಾಗಿ ಗೋಡೆ ಸೀಳಿದವರನ್ನೂ ನೋಡಿದ್ದೇನೆ. ಲೋಹ ಮತ್ತು ವೈರ್ ಪತ್ತೆ ಮಾಡುವ ಡಿಟೆಕ್ಟರ್ ಎಸ್.ಪಿ. ರಸ್ತೆಯಲ್ಲಿ ಸಿಗುತ್ತದೆ. ಅಗ್ಗದ್ದು ಪಿವಿಸಿ ಪೈಪ್ ಒಳಗಿನ ವೈರನ್ನು ಒಂದೊಂದು ಸಲ ಬಿಟ್ಟುಬಿಡುತ್ತದೆ, ಅದನ್ನೇ ನಂಬಬೇಡಿ. ಆ ಗೋಡೆಯ ಎಂಸಿಬಿ (ಮೇನ್ ಬಾಕ್ಸ್‌ನಲ್ಲಿರುವ ಸ್ವಿಚ್) ಆಫ್ ಮಾಡಿ, ಬೇರೆ ರೂಮಿನಿಂದ ಎಕ್ಸ್‌ಟೆನ್ಷನ್ ಎಳೆದು ಡ್ರಿಲ್ ಹಾಕಿ. ಗೋಡೆ ಹಿಂದೆ ಬಾತ್‌ರೂಮ್ ಇದ್ದರೆ ಗೀಸರ್ ಪೈಪ್, ಶವರ್ ಪೈಪ್ ಎಲ್ಲಿ ಬರುತ್ತದೆ ಅಂತ ಆ ಕಡೆ ಹೋಗಿ ಅಳೆದು ನೋಡಿ.

ಇನ್ನೊಂದು. ಟಿವಿಯ ಪವರ್ ಕಾರ್ಡನ್ನು ಗೋಡೆ ಸೀಳಿ ಹಾಗೇ ಹೂತು ಮೇಲೆ ಪುಟ್ಟಿ ಬಳಿಯುವವರಿದ್ದಾರೆ. ಬೇಡ. ಟಿವಿ ಹಿಂದೆಯೇ ಬರುವ ಹಾಗೆ ಒಂದು 6 ಆಂಪ್ ಸಾಕೆಟ್ ಹಾಕಿಸಿ. ಕೇಬಲ್‌ಗಳಿಗೆ ಅಂತ ಟಿವಿ ಹಿಂದಿನಿಂದ ಕೆಳಗಿನ ಯೂನಿಟ್ ತನಕ ಎರಡು ಇಂಚಿನ ಪಿವಿಸಿ ಪೈಪ್ ಹೂಳಿಸಿ. ಒಂದು ಇಂಚಿನದ್ದು ಹಾಕಿದರೆ ಎಚ್‌ಡಿಎಂಐ ತಲೆ ತಿರುವಿನಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ.

ಪುಟ್ಟೇನಹಳ್ಳಿ_ಪುಟ್ಟಿ
ಸೀನಣ್ಣ ಹೇಳಿದ್ದು ನೂರಕ್ಕೆ ನೂರು. ಮನೆ ಕಟ್ಟಿಸುವವರು ಪ್ಲಾಸ್ಟರಿಂಗ್‌ಗೆ ಮುಂಚೆ ಪ್ರತಿ ಗೋಡೆಯ ಫೋಟೋ ತೆಗೆದಿಟ್ಟುಕೊಳ್ಳಿ. ಟೇಪ್ ಹಿಡಿದು ತೆಗೆದರೆ ಇನ್ನೂ ಒಳ್ಳೆಯದು.

ವಾಸ್ತು_ವಿಜಯನಗರ
ಟಿವಿ ಆಗ್ನೇಯಕ್ಕೆ ಬರಬೇಕು. ನಿಮ್ಮ ಗೋಡೆ ಯಾವ ದಿಕ್ಕು?

ಗಿರಿನಗರ_ಗುಂಡ
ಸ್ವಾಮಿ, ಸದ್ಯಕ್ಕೆ ಅದು ಕೆಳದಿಕ್ಕಿಗೆ ಬರೋದು ತಪ್ಪಿದರೆ ಸಾಕು.

ತಲಘಟ್ಟಪುರ_ಟೆಕ್ಕಿ
ಎಲ್ಲರಿಗೂ ಥ್ಯಾಂಕ್ಸ್. ಇವತ್ತು ಪುಡಿ ಪರೀಕ್ಷೆ ಮಾಡಿದೆ. ಎರಡು ಇಂಚು ಒಳಗಿನದ್ದೂ ಬಿಳಿ ಬೂದೇ, ಬೆರಳಲ್ಲಿ ಉಜ್ಜಿದರೆ ಸಣ್ಣ ಮರಳಿನ ತರಿ ಸಿಗುತ್ತದೆ. ಹ್ಯಾಂಡೋವರ್ ಫೈಲ್‌ನಲ್ಲೂ ಎಎಸಿ ಅಂತಲೇ ಇದೆ, 6 ಇಂಚು. ಪೀಣ್ಯದವರು ಹೇಳಿದ ಲೆಕ್ಕವನ್ನು ಮನೆಯಲ್ಲಿ ತೋರಿಸಿದೆ, ತಿರುಗುವ ಬ್ರಾಕೆಟ್ ಆಸೆ ಅಲ್ಲಿಗೇ ಮುಗಿಯಿತು. ಗೋಡೆಗೆ ಒತ್ತಿ ಕೂರುವ, ಸ್ವಲ್ಪ ಬಾಗುವ ಥರದ್ದಕ್ಕೆ ಬದಲಾಯಿಸಿದೆ. ಈಗ ಪ್ಲಗ್ ಯಾವುದು? ಒಬ್ಬರು ಕೆಮಿಕಲ್ ಅನ್ನುತ್ತಾರೆ, ಒಬ್ಬರು ನೈಲಾನ್ ಅನ್ನುತ್ತಾರೆ. ಮರದ ಕೆಲಸದವರು ಪ್ಲೈವುಡ್ ಹೊಡೆಯೋಣ ಅನ್ನುತ್ತಾರೆ.

ಸೈಟ್_ಇಂಜಿನಿಯರ್
ಒತ್ತಿ ಕೂರುವ ಬ್ರಾಕೆಟ್ ಆದರೆ ಎಎಸಿಗೆ ಅಂತಲೇ ಮಾಡಿದ ಉದ್ದ ನೈಲಾನ್ ಪ್ಲಗ್ ಸಾಕು. ಮೈಮೇಲೆ ಸುರುಳಿ ರೆಕ್ಕೆ ಇರುತ್ತದೆ, ಸುತ್ತಿಗೆಯಿಂದ ಮೆಲ್ಲಗೆ ಹೊಡೆದು ಕೂರಿಸಬೇಕು. ಹ್ಯಾಮರ್ ಮೋಡ್ ಆಫ್ ಮಾಡಿ, ಬರೀ ತಿರುಗುವ ಮೋಡ್‌ನಲ್ಲಿ ಕೊರೆಯಿರಿ. ಪ್ಲಗ್ ಪ್ಯಾಕೆಟ್ ಮೇಲೆ ಎಷ್ಟು ಎಂ.ಎಂ. ಬಿಟ್ ಅಂತ ಇರುತ್ತದೋ ಅಷ್ಟೇ. "8 ಇಲ್ಲ, 10 ಹಾಕೋಣ" ಅಂತ ಯಾರಾದರೂ ಅಂದರೆ ಮನೆಗೆ ಕಳಿಸಿ. ಕೊರೆದ ಮೇಲೆ ತೂತಿನೊಳಗಿನ ಪುಡಿ ಊದಿ ತೆಗೆಯಬೇಕು. ಸೈಕಲ್ ಪಂಪ್ ಸಾಕು. ಬಾಯಲ್ಲಿ ಊದಿದರೆ ಕಣ್ಣಿಗೇ ಬರುತ್ತದೆ. ಮುಖ್ಯವಾಗಿ ಪ್ಲಗ್ ಪೂರ್ತಿ ಬ್ಲಾಕ್ ಒಳಗೆ ಇರಬೇಕು. ಮೇಲಿನ 12, 15 ಎಂ.ಎಂ. ಪ್ಲಾಸ್ಟರಿಂಗ್ ಭಾರ ಹೊರುವುದಿಲ್ಲ, ಅದನ್ನು ಲೆಕ್ಕದಿಂದ ಕಳೆಯಿರಿ.

ಲೇತ್_ಮೆಷಿನ್_ಪೀಣ್ಯ
ನಾನಂತೂ ಕೆಮಿಕಲ್ ಆಂಕರ್‌ಗೇ ಓಟು. ರಾಳ ತುಂಬಿ 8 ಎಂ.ಎಂ. ಥ್ರೆಡ್ ರಾಡ್ ಕೂರಿಸಿದರೆ ಅದು ಉಬ್ಬಿ ಗೋಡೆಯನ್ನು ತಳ್ಳುವುದಿಲ್ಲ, ಸುತ್ತಲಿನ ಗುಳ್ಳೆಗಳಿಗೆ ಇಳಿದು ಅಂಟಿಕೊಳ್ಳುತ್ತದೆ. ಎಎಸಿಯಂಥ ಮೆತ್ತನೆ ಗೋಡೆಗೆ ತಳ್ಳುವುದಕ್ಕಿಂತ ಅಂಟುವುದೇ ಸರಿ.

ಸೈಟ್_ಇಂಜಿನಿಯರ್
16 ಕೆಜಿಗೆ ಕೆಮಿಕಲ್ ಜಾಸ್ತಿ ಆಯಿತು ಸರ್. ಒಂದು ಟ್ಯೂಬ್ ಒಡೆದರೆ ಉಳಿದದ್ದು ಹಾಗೇ ಗಟ್ಟಿಯಾಗಿ ಕಸಕ್ಕೆ ಹೋಗುತ್ತದೆ. ಮಾಡುವವನಿಗೆ ಗೊತ್ತಿಲ್ಲದಿದ್ದರೆ ತೂತಿನ ಬಾಯಲ್ಲಿ ಮಾತ್ರ ರಾಳ, ಒಳಗೆ ಖಾಲಿ.

ಲೇತ್_ಮೆಷಿನ್_ಪೀಣ್ಯ
ತಳದಿಂದ ತುಂಬುತ್ತಾ ನಳಿಕೆ ಹೊರಗೆ ಎಳೆಯಬೇಕು ಅನ್ನುವುದು ಟ್ಯೂಬ್ ಮೇಲೇ ಚಿತ್ರ ಸಮೇತ ಇರುತ್ತದೆ. ಓದದವನ ಕೈಲಿ ನೈಲಾನೂ ಅಷ್ಟೇ. ತೋಳು ಚಾಚುವುದೇ ಬೇಕು ಅನ್ನುವವರಿಗೆ, 65, 75 ಇಂಚಿನವರಿಗೆ ಕೆಮಿಕಲ್ಲೇ ಅನ್ನುವುದನ್ನಾದರೂ ಒಪ್ಪುತ್ತೀರಾ?

ಸೈಟ್_ಇಂಜಿನಿಯರ್
ಅದಕ್ಕೆ ಒಪ್ಪಿದೆ. ಟೊಳ್ಳು ಬ್ಲಾಕ್ ಇರುವವರಿಗೂ ಅದೇ. ಅವರು ಜಾಲರಿ ಕೊಳವೆ ಹಾಕಿ ಅದರೊಳಗೆ ರಾಳ ತುಂಬಬೇಕು. ಜಾಲರಿ ಇಲ್ಲದೆ ತುಂಬಿದರೆ ಎಲ್ಲಾ ಟೊಳ್ಳಿನೊಳಗೆ ಸುರಿದುಹೋಗುತ್ತದೆ, ಎಷ್ಟು ಟ್ಯೂಬ್ ತಂದರೂ ಸಾಲದು.

ಆಚಾರಿ_ಕೆಂಗೇರಿ
ಮರದ ಕೆಲಸದವರನ್ನು ಯಾಕೆ ಬಿಟ್ಟಿರಿ? 18 ಎಂ.ಎಂ. ಪ್ಲೈವುಡ್ ಹಲಗೆ, ಟಿವಿಗಿಂತ ಚಿಕ್ಕದು, ಹೊರಗೆ ಕಾಣಲ್ಲ. ಅದನ್ನು ಗೋಡೆಗೆ ಎಂಟು ಹತ್ತು ಪ್ಲಗ್‌ನಲ್ಲಿ ಹರಡಿ ಕೂರಿಸಿ. ನಾಲ್ಕು ಕಡೆ ಬೀಳುವ ಭಾರ ಹತ್ತು ಕಡೆ ಹಂಚಿಹೋಗುತ್ತದೆ. ಬ್ರಾಕೆಟ್ ಅನ್ನು ಹಲಗೆಗೆ ಹಾಕಿ. ಎಡಕ್ಕೆ ಬಲಕ್ಕೆ ಸರಿಸಬೇಕು ಅನಿಸಿದರೆ ಮತ್ತೆ ಗೋಡೆ ಮುಟ್ಟಬೇಕಾಗಿಲ್ಲ. ನಾಳೆ ದೊಡ್ಡ ಟಿವಿ ತಂದರೂ ಅದೇ ಹಲಗೆ. ಹೊರಗೋಡೆ ಆದರೆ ಮಳೆಗಾಲದಲ್ಲಿ ತೇವ ಬರುತ್ತದಾ ನೋಡಿಕೊಳ್ಳಿ, ನೀರು ತಡೆಯುವ ಪ್ಲೈ ಹಾಕಿ. ಮರದ ಪುಡಿ ಒತ್ತಿ ಮಾಡಿದ ಎಂಡಿಎಫ್, ಪಾರ್ಟಿಕಲ್ ಬೋರ್ಡ್ ಮಾತ್ರ ಬೇಡ, ಸ್ಕ್ರೂ ಹಿಡಿಯಲ್ಲ. ಈಗಿನ ರೆಡಿಮೇಡ್ ಟಿವಿ ಯೂನಿಟ್‌ಗಳಲ್ಲಿ ಚೆಂದದ ಮುಂಭಾಗ ಪೂರ್ತಿ ಅದೇ ಇರುತ್ತದೆ. ಅದಕ್ಕೇ ಟಿವಿ ನೇತುಹಾಕಿಬಿಡುತ್ತಾರೆ.

ಕೋರಮಂಗಲ_ಕಾವ್ಯ
ಇದು ನಿಜಕ್ಕೂ ಚೆನ್ನಾಗಿದೆ ಆಚಾರ್ರೇ. ಆದರೆ ಟಿವಿ ಗೋಡೆಯಿಂದ ಇನ್ನೂ ಮುಕ್ಕಾಲು ಇಂಚು ಮುಂದೆ ಬರುತ್ತದಲ್ಲ?

ಆಚಾರಿ_ಕೆಂಗೇರಿ
ಬರುತ್ತದೆ ಮೇಡಂ. ಟಿವಿಯ ಕರೆಂಟ್ ಪಿನ್‌ಗೆ ಜಾಗ ಸಿಕ್ಕಿತು ಅಂದುಕೊಳ್ಳಿ. ಆ ಸಾಕೆಟ್ ಬರುವ ಕಡೆ ಹಲಗೆಯಲ್ಲಿ ಕಿಂಡಿ ಕೊರೆಯುವುದು ಮರೆಯಬಾರದು ಅಷ್ಟೆ.

ಕತ್ತುನೋವು_ಕಮಲಾ
ಎತ್ತರದ ಬಗ್ಗೆ ಯಾರೂ ಮಾತಾಡಲಿಲ್ಲವಲ್ಲ? ನಮ್ಮ ಯಜಮಾನರು ಹಳೇ ಹೋಟೆಲಿನಲ್ಲಿ ಹಾಕಿದ ಹಾಗೆ ಬಾಗಿಲ ಮೇಲ್ಪಟ್ಟಿ ಎತ್ತರಕ್ಕೆ ಹಾಕಿಸಿದ್ದಾರೆ. ಒಂದು ಕ್ರಿಕೆಟ್ ಮ್ಯಾಚ್ ನೋಡಿದರೆ ಮಾರನೇ ದಿನ ಕತ್ತಿಗೆ ಎಣ್ಣೆ. ಕೂತಾಗ ಕಣ್ಣು ಎಲ್ಲಿ ಬರುತ್ತದೋ ಟಿವಿಯ ನಡುಭಾಗ ಅಲ್ಲಿ ಬರಬೇಕು. ನಮ್ಮ ಸೋಫಾದಲ್ಲಿ ಕೂತು ಅಳೆದರೆ ನೆಲದಿಂದ ಮೂರೂವರೆ ಅಡಿ.

ಜಯನಗರ_4ನೇ_ಬ್ಲಾಕ್
ಮೂರೂವರೆ ಅಡಿಗೆ ಹಾಕಿದರೆ ಮಕ್ಕಳ ಕೈಗೆ ಸಿಗುತ್ತದೆ. 55 ಇಂಚಿನ ಪರದೆ ಎತ್ತರವೇ ಎರಡೂಕಾಲು ಅಡಿ, ಕೆಳ ಅಂಚು ನೆಲದಿಂದ ಎರಡೂವರೆ ಅಡಿಯೂ ಇರುವುದಿಲ್ಲ. ಚಿಕ್ಕ ಮಗು ಇರುವ ಮನೆಗೆ ಅರ್ಧ ಅಡಿ ಮೇಲೆ ಹಾಕಿ, ಸ್ವಲ್ಪ ಮುಂದಕ್ಕೆ ಬಾಗಿಸುವುದೇ ಸರಿ. ಕತ್ತು ಆಮೇಲೆ.

ಕತ್ತುನೋವು_ಕಮಲಾ
ಕತ್ತು ಆಮೇಲೆ ಅಂತ ಹೇಳುವವರಿಗೆ ಇನ್ನೂ ವಯಸ್ಸಾಗಿಲ್ಲ ಅಂತ ಅರ್ಥ ಆಯಿತು ಬಿಡಿ. ಕೆಳಗೆ ಉದ್ದಕ್ಕೂ ಒಂದು ಯೂನಿಟ್ ಇಟ್ಟರೆ ಮಗು ಹತ್ತಿರ ಹೋಗಲ್ಲ ಅಲ್ವಾ?

ಬಾಡಿಗೆ_ಬದುಕು
ಮೇಡಂ, ಮಗು ಮೊದಲು ಆ ಯೂನಿಟ್ ಮೇಲೇ ಹತ್ತುತ್ತದೆ. ನಮ್ಮನೆಯದ್ದು ಡ್ರಾಯರ್ ಎಳೆದು ಮೆಟ್ಟಿಲು ಮಾಡಿಕೊಳ್ಳುತ್ತದೆ. ಅಂದಹಾಗೆ ನನಗೆ ಇನ್ನೂ ಉತ್ತರ ಸಿಕ್ಕಿಲ್ಲ. ಓನರ್ ಖಂಡಿತಾ ಬೇಡ ಅಂದರೆ?

ಸೈಟ್_ಇಂಜಿನಿಯರ್
ಆಗ ಟೇಬಲ್ಲೇ ಗತಿ. ಆದರೆ ಸುಮ್ನೆ ಇಡಬೇಡಿ. ಈಗಿನ ಟಿವಿಗಳ ಕಾಲು ಚಿಕ್ಕದು, ಮೈ ದೊಡ್ಡದು, ಅಂಚು ಹಿಡಿದು ಎಳೆದರೆ ಮುಂದಕ್ಕೇ ಬೀಳುತ್ತದೆ. ಹಿಂದಿನ ಸ್ಕ್ರೂ ತೂತಿಗೆ ಪಟ್ಟಿ ಹಾಕಿ ಟೇಬಲ್ ಬೆನ್ನಿಗೆ ಬಿಗಿಯಬಹುದು. ಟೇಬಲ್ ಅಗಲ, ಭಾರ ಇರಬೇಕು. ನಿಜ ಹೇಳಬೇಕೆಂದರೆ ಚಿಕ್ಕ ಮಕ್ಕಳಿರುವ ಮನೆಯಲ್ಲಿ ಸರಿಯಾಗಿ ಗೋಡೆಗೆ ಹಾಕಿದ ಟಿವಿಯೇ ಟೇಬಲ್ ಮೇಲಿನದ್ದಕ್ಕಿಂತ ವಾಸಿ. ಓನರ್‌ಗೆ ಈ ಕಾರಣ ಹೇಳಿ ನೋಡಿ.

ಓನರ್_ಅಂಕಲ್
ಮಗು ವಿಷಯ ಹೇಳಿದರೆ ಯಾವ ಓನರ್ ಬೇಡ ಅನ್ನುತ್ತಾರೆ? ಕೇಳುವ ರೀತಿಯಲ್ಲಿ ಕೇಳಬೇಕು.

ಬಾಡಿಗೆ_ಬದುಕು
ಅಂಕಲ್, ನಿಮ್ಮ ಮನೆ ಖಾಲಿ ಇದೆಯಾ?

ಸರ್ಕ್ಯೂಟ್_ಸೀನ
ಟಿವಿ ಕಡೆಯ ಸ್ಕ್ರೂ ಬಗ್ಗೆಯೂ ಹೇಳಿಬಿಡುತ್ತೇನೆ. ಟಿವಿ ಬೆನ್ನಿನ ನಾಲ್ಕು ತೂತಿನ ಅಂತರಕ್ಕೆ ವೆಸಾ ಅಳತೆ ಅನ್ನುತ್ತಾರೆ. 200×200, 400×300 ಹೀಗೆ, ಎಂ.ಎಂ. ಲೆಕ್ಕ. ಟಿವಿ ಬಾಕ್ಸ್ ಅಥವಾ ಪುಸ್ತಕದಲ್ಲಿ ಇರುತ್ತದೆ. ಬ್ರಾಕೆಟ್ ಅದಕ್ಕೆ ಹೊಂದಬೇಕು. ಸ್ಕ್ರೂ ಎಂ6 ಅಥವಾ ಎಂ8 ಬರುತ್ತದೆ, ಯಾವುದು ಅಂತ ನೋಡಿ ಹಾಕಿ. ಮೊದಲು ಕೈಯಲ್ಲೇ ತಿರುಗಿಸಿ. ಕೈಯಲ್ಲಿ ಹೋಗಲಿಲ್ಲ ಅಂದರೆ ಅದು ಆ ಟಿವಿಯ ಸ್ಕ್ರೂ ಅಲ್ಲ. ಉದ್ದ ಜಾಸ್ತಿ ಆದರೆ ಒಳಗೆ ಪ್ಯಾನಲ್‌ಗೆ ಒತ್ತುತ್ತದೆ, ಪರದೆ ಮೇಲೆ ಕಲೆ ಬರುತ್ತದೆ. ವಾರಂಟಿಯಲ್ಲಿ ಕೇಳಿದರೆ ಕೈ ಎತ್ತುತ್ತಾರೆ. ಬೆನ್ನು ಉಬ್ಬುತಗ್ಗು ಇದ್ದರೆ ಬಾಕ್ಸ್‌ನಲ್ಲಿರುವ ಪ್ಲಾಸ್ಟಿಕ್ ಸ್ಪೇಸರ್ ಹಾಕಿ, ಅದು ಬಿಸಾಕಲು ಕೊಟ್ಟಿದ್ದಲ್ಲ.

ಭಾನುವಾರ_ನಿದ್ದೆ
ಯಾರು ಏನು ಬೇಕಾದರೂ ಹಾಕಿ, ಭಾನುವಾರ ಮಧ್ಯಾಹ್ನ ಎರಡು ಗಂಟೆಗೆ ಮಾತ್ರ ಕೊರೆಯಬೇಡಿ. ನಮ್ಮ ಮೇಲಿನ ಮನೆಯವರು ಮುದ್ದೆ ಊಟ ಮುಗಿಸಿ ಕಣ್ಣು ಎಳೆಯುವ ಹೊತ್ತಿಗೇ ಡ್ರಿಲ್ ಶುರು ಮಾಡುತ್ತಾರೆ. ಅದೂ ಮೈವಾನ್ ಕಟ್ಟಡ. ಎಂಟನೇ ಮಹಡಿಯಲ್ಲಿ ಕೊರೆದರೆ ಎರಡನೇ ಮಹಡಿಯವರ ಹಲ್ಲು ಅಲ್ಲಾಡುತ್ತದೆ.

ಗಿರಿನಗರ_ಗುಂಡ
ಮುದ್ದೆ ಉಂಡು ಮಲಗುವವರ ನಿದ್ದೆಗೆ ಡ್ರಿಲ್ ಏನು ಲೆಕ್ಕ ಅಣ್ಣ.

ಮೈವಾನ್_ಮಹೇಶ_ವೈಟ್‌ಫೀಲ್ಡ್
ನಮ್ಮದೂ ಮೈವಾನ್. ಕೊರೆಯುವಾಗ ಒಂದೂವರೆ ಇಂಚಿಗೆ ಬಿಟ್ ನಿಂತುಹೋಯಿತು, ಕಬ್ಬಿಣ ಸಿಕ್ಕಿದೆ. ಕಟ್ ಮಾಡುವ ಬಿಟ್ ತರುತ್ತೇನೆ ಅಂತ ಕೆಲಸದವನು ಹೇಳುತ್ತಿದ್ದಾನೆ. ಮಾಡಬಹುದಾ?

ಸೈಟ್_ಇಂಜಿನಿಯರ್
ಬೇಡ. ಅದು ಕಟ್ಟಡದ ಭಾರ ಹೊರುವ ಗೋಡೆ, ಸರಳು ಕಡಿಯಬಾರದು. ಬ್ರಾಕೆಟ್ ಪಟ್ಟಿಯಲ್ಲಿ ಉದ್ದಕ್ಕೂ ಸೀಳುಗಳು ಇರುವುದೇ ಇದಕ್ಕೆ. ಒಂದೆರಡು ಇಂಚು ಪಕ್ಕಕ್ಕೆ ಸರಿಸಿ ಕೊರೆಯಿರಿ. ಹಳೇ ತೂತಿಗೆ ಕುಗ್ಗದ ಗ್ರೌಟ್ (ಸಿಮೆಂಟ್ ಗಾರೆ) ತುಂಬಿ.

ಮೈವಾನ್_ಮಹೇಶ_ವೈಟ್‌ಫೀಲ್ಡ್
ಸರಿ ಸರ್. ಇದೇ ಜೋರಲ್ಲಿ ಸೀಲಿಂಗ್‌ಗೆ ಪ್ರೊಜೆಕ್ಟರ್ ಕೂಡ ಹಾಕಿಸೋಣ ಅಂತ ಇದ್ದೆ.

ಸೈಟ್_ಇಂಜಿನಿಯರ್
ಅದಕ್ಕೆ ಮೊದಲು ಅಸೋಸಿಯೇಷನ್ ಅಥವಾ ಬಿಲ್ಡರ್ ಹತ್ತಿರ ಪಿಟಿ ಸ್ಲ್ಯಾಬ್ ಹೌದೋ ಅಲ್ಲವೋ ಕೇಳಿ. ಪಿಟಿ ಅಂದರೆ ಸ್ಲ್ಯಾಬ್ ಒಳಗೆ ಉಕ್ಕಿನ ಕೇಬಲ್‌ಗಳನ್ನು ಭಾರೀ ಬಲದಲ್ಲಿ ಎಳೆದು ಕಟ್ಟಿರುತ್ತಾರೆ. ಡ್ರಿಲ್ ತಗುಲಿ ಒಂದು ಕಡಿದರೆ ಪ್ರಾಣಕ್ಕೇ ಅಪಾಯ, ಸ್ಲ್ಯಾಬ್‌ಗೂ ಹಾನಿ. ಪಿಟಿ ಹೌದು ಅಂದರೆ ಕೇಬಲ್ ಎಲ್ಲಿದೆ ಅನ್ನುವ ನಕ್ಷೆ ನೋಡದೆ ಮುಟ್ಟಲೇಬೇಡಿ. ಪ್ರೊಜೆಕ್ಟರನ್ನು ಹಿಂದಿನ ಗೋಡೆಯ ಶೆಲ್ಫ್ ಮೇಲೆ ಇಟ್ಟರೂ ನಡೆಯುತ್ತದೆ.

ತಲಘಟ್ಟಪುರ_ಟೆಕ್ಕಿ
ಕೆಲಸ ಆಯಿತು. ಆಚಾರ್ರ ಹಲಗೆ, ಇಂಜಿನಿಯರ್ ಸರ್ ಹೇಳಿದ ಎಎಸಿ ಪ್ಲಗ್, ಎರಡನ್ನೂ ಸೇರಿಸಿದೆವು. ಕನಕಪುರ ರಸ್ತೆಯ ಹಾರ್ಡ್‌ವೇರ್ ಅಂಗಡಿಯವರಿಗೆ ಎಎಸಿ ಪ್ಲಗ್ ಅಂದರೆ ಗೊತ್ತಿರಲಿಲ್ಲ, ಆನ್‌ಲೈನ್‌ನಲ್ಲಿ ತರಿಸಬೇಕಾಯಿತು. ಬಡಗಿ ಹಳೇ ಮೇಸ್ತ್ರಿಗಳ ಥರ ರಸಮಟ್ಟ ಇಟ್ಟು ನೋಡಿದರು. ನನ್ನ ಮೊಬೈಲ್ ಆ್ಯಪ್‌ನಲ್ಲಿ ನೇರ ಅಂತ ತೋರಿಸಿದ್ದು ರಸಮಟ್ಟದಲ್ಲಿ ಓರೆ! ಮೊಬೈಲ್ ಹಿಂದೆ ಕ್ಯಾಮೆರಾ ಉಬ್ಬಿದೆಯಲ್ಲ, ಅದಕ್ಕೆ.

ಟಿವಿ ಏರಿಸುವ ಮುಂಚೆ ಅವರು ಒಂದು ಕೆಲಸ ಮಾಡಿದರು. ಬ್ರಾಕೆಟ್‌ಗೆ ಹಗ್ಗ ಕಟ್ಟಿ, 20 ಲೀಟರಿನ ತುಂಬಿದ ನೀರಿನ ಕ್ಯಾನ್ ಎರಡು ನೇತುಹಾಕಿ, ಕೆಳಗೆ ಹಾಸಿಗೆ ಹಾಸಿ, ಹಲಗೆಯ ಅಂಚಿಗೂ ಗೋಡೆಗೂ ಪೆನ್ಸಿಲ್‌ನಲ್ಲಿ ಒಂದು ಗೆರೆ ಎಳೆದು ಹೋದರು. "ರಾತ್ರಿ ಹಾಗೇ ಇರಲಿ, ಗೆರೆ ತಪ್ಪಿದರೆ ಫೋನ್ ಮಾಡಿ" ಅಂದರು. 40 ಕೆಜಿಗೂ ಮೇಲೆ ಆಯಿತಲ್ಲ. ಬೆಳಗ್ಗೆ ನೋಡಿದರೆ ಗೆರೆ ಕದಲಿಲ್ಲ. ಮಧ್ಯಾಹ್ನ ಟಿವಿ ಏರಿತು.

ಲೇತ್_ಮೆಷಿನ್_ಪೀಣ್ಯ
ಆ ಬಡಗಿ ನಂಬರ್ ಇಟ್ಟುಕೊಳ್ಳಿ ಸರ್. ಕ್ಯಾನ್ ಪರೀಕ್ಷೆ ಒಳ್ಳೆಯದೇ, ಆದರೆ ಹಗ್ಗ ಗೋಡೆಗೆ ಒತ್ತಿಕೊಂಡೇ ಇರುತ್ತದೆ. ಅದು ಕೆಳಗಿನ ಎಳೆತ ಮಾತ್ರ ಪರೀಕ್ಷಿಸುತ್ತದೆ, ಹೊರಗಿನ ಎಳೆತ ಅಲ್ಲ. ಒತ್ತಿ ಕೂರುವ ಬ್ರಾಕೆಟ್‌ಗೆ ಸಾಕು. ಚಾಚುವ ತೋಳಿನವರು ಕ್ಯಾನ್ ನೇತುಹಾಕಿದ್ದೇವೆ ಅಂತ ನೆಮ್ಮದಿಯಾಗಿ ಮಲಗಬೇಡಿ.

ಕೋರಮಂಗಲ_ಕಾವ್ಯ
ಸೌಂಡ್‌ಬಾರ್ ಎಲ್ಲಿ ಹಾಕಿದಿರಿ? ಅದನ್ನೂ ಹಲಗೆಗೇ ಹಾಕಿದಿರಾ?

ತಲಘಟ್ಟಪುರ_ಟೆಕ್ಕಿ
ಇನ್ನೂ ತಗೊಂಡಿಲ್ಲ ಮೇಡಂ. ಈ ತಿಂಗಳ ಬಜೆಟ್ ಪ್ಲಗ್, ಪ್ಲೈವುಡ್‌ಗೇ ಹೋಯಿತು.

ಆಚಾರಿ_ಕೆಂಗೇರಿ
ತಗೊಂಡಾಗ ಯೂನಿಟ್ ಮೇಲೆ ಇಡಿ, ಹಲಗೆಗೆ ಬೇಡ. ಜೋರಾಗಿ ಹಾಕಿದಾಗ ಹಲಗೆ ಸೇರಿ ನಡುಗಿ ಗುಂಯ್ ಅನ್ನುತ್ತದೆ.